ದಕ್ಷಿಣದ ಗೋಡೆಗೆ ಕಿಟಕಿ

ಹೋದ ಬೇಸಿಗೆಯಲ್ಲಿ ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಎಳನೀರು ಕುಡಿಯುತ್ತ ನಿಂತಿದ್ದೆ. ಎಳನೀರಿನವನು ಕಾಯಿಗಳ ರಾಶಿಗೆ ಗೋಣಿಚೀಲ ಹೊದಿಸಿ ಆಗಾಗ ಅದರ ಮೇಲೆ ನೀರು ಚಿಮುಕಿಸುತ್ತಿದ್ದ. ಬಿಸಿಲಿಗೆ ಆ ಒದ್ದೆ ಗೋಣಿಯಿಂದ ವಾಸನೆ ಎದ್ದಿತು. ಸೆಣಬಿನದು, ಹಸಿ ಮಣ್ಣಿನದು, ಸ್ವಲ್ಪ ಮುಗ್ಗಲಿನದು. ಎಷ್ಟೋ ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ನಾವು ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದ ಮೇಲೆ ಮನೆಯಲ್ಲಿ ಗೋಣಿ ನೆನೆಸುವ ಕೆಲಸವೇ ಇಲ್ಲ. ಅಲ್ಲಿ ನಿಂತ ಹಾಗೆಯೇ ನಾನು ಸೊಸೆಯಾಗಿ ಬಂದ ಮೊದಲನೇ ಬೇಸಿಗೆ ಪೂರ್ತಿ ನೆನಪಾಯಿತು.

ಅದು ಎಂಬತ್ತರ ದಶಕದ ನಡುವಿನ ಮಾತು. ನನ್ನ ತೌರು ಹನೂರಿನ ಆಚೆ, ಕಾಡಂಚಿನ ಊರು. ರಾಗಿ, ಹುರುಳಿ ಬಿಟ್ಟರೆ ಬೇರೆ ಬೆಳೆ ಕಂಡವರಲ್ಲ. ಮದುವೆಯಾಗಿ ಬಂದದ್ದು ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವಿನ ಒಂದು ಊರಿಗೆ. ಅಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳ. ಮಾವ ಗುರುಮಲ್ಲಪ್ಪನವರು ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ವಿಭೂತಿ ಆಗದೆ ಹೊಸಿಲು ದಾಟುತ್ತಿರಲಿಲ್ಲ. ಅತ್ತೆ ದೇವಮ್ಮಣ್ಣಿ. ನನ್ನ ಗಂಡ ಮಹದೇವಸ್ವಾಮಿ ಅವರಿಗೆ ಒಬ್ಬನೇ ಮಗ.

ಮನೆ ದೊಡ್ಡದು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ. ಮುಂಬಾಗಿಲು ಬಡಗಲಿಗೆ, ಹಿತ್ತಲ ಬಾಗಿಲು ಪಡುವಲಿಗೆ. ನಡುವೆ ದೊಡ್ಡ ನಡುಮನೆ, ಅದರ ತುಂಬ ಹುಳದ ತಟ್ಟೆ ಜೋಡಿಸುವ ಬಿದಿರಿನ ಅಟ್ಟಣೆಗಳು. ಹುಳ ಮನೆಯಲ್ಲಿದ್ದರೆ ನಾವು ಜಗಲಿಯಲ್ಲೋ ಅಂಗಳದಲ್ಲೋ ಮಲಗುತ್ತಿದ್ದೆವು. ನಡುಮನೆಯ ಪಕ್ಕದಲ್ಲೇ ಆಗ್ನೇಯ ಮೂಲೆಗೆ ಅಡುಗೆ ಮನೆ. ಅದರ ಮೂಡಲ ಗೋಡೆ ದಾಯಾದಿಗಳ ಮನೆಗೆ ಅಂಟಿಕೊಂಡಿತ್ತು. ದಕ್ಷಿಣದ ಗೋಡೆ ಹಿತ್ತಲ ಕಡೆಗೆ. ಅದರಲ್ಲಿ ಒಂದು ಕಿಂಡಿ ಸಹ ಇರಲಿಲ್ಲ. ಹೆಂಚಿನ ಸಂದಿಯಲ್ಲಿ ಹೋದಷ್ಟು ಹೊಗೆ ಹೋಗಬೇಕು, ಉಳಿದದ್ದು ನಡುಮನೆಗೆ ನುಗ್ಗಬೇಕು.

ನಾನು ಬರುವ ಹಿಂದಿನ ವರ್ಷ ನಡುಮನೆಯ ನಾಡಹೆಂಚು ಇಳಿಸಿ ಸಿಮೆಂಟ್ ಶೀಟು ಹಾಕಿಸಿದ್ದರು. ಕೋತಿಗಳು ಹೆಂಚು ಒಡೆಯುತ್ತವೆ, ಮಳೆಗಾಲಕ್ಕೆ ಸೋರುತ್ತದೆ ಎಂದು. ಇಳಿಸಿದ ಹೆಂಚು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಊರಿನವರು ನಮ್ಮ ಮನೆಗೆ ಶೀಟಿನ ಮನೆ ಎನ್ನುತ್ತಿದ್ದರು. ಮಾವನಿಗೆ ಆ ಹೆಸರು ಹಿಡಿಸಿತ್ತು.

ಮನೆಗೆ ಬಂದ ಹೊಸತರಲ್ಲಿ ಒಲೆ ಮುಂದೆ ಕೂತು ನನಗೆ ಕಣ್ಣು ಬಿಡಲಿಕ್ಕೆ ಆಗುತ್ತಿರಲಿಲ್ಲ. ನಮ್ಮ ತೌರಿನದು ಸಣ್ಣ ಮನೆಯಾದರೂ ಅಷ್ಟು ಹೊಗೆ ಕಂಡಿರಲಿಲ್ಲ. ಒಂದು ದಿನ ಅತ್ತೆಯ ಹತ್ತಿರ, “ಇಲ್ಲೊಂದು ಕಿಟಕಿ ಇದ್ದಿದ್ರ ಆಗಿತ್ತು” ಎಂದೆ. ಅತ್ತೆ ಊದುಗೊಳವೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಕಣ್ಣು ಯಾವಾಗಲೂ ಕೆಂಪು.

“ನಾನೂ ಒಸದಾಗಿ ಬಂದಾಗ ಕೇಳ್ದಿ ಕಣಮ್ಮಿ. ದಕ್ಷಿಣಕ್ಕ ಕಿಟಕಿ ಇಡಬಾರ್ದು, ಯಮನ ದಿಕ್ಕು ಅಂದ್ರು. ನಿನ್ನ ಗಂಡ ಉಟ್ಟಿದಾಗ ಬಾಣಂತಿ ಕೆಮ್ಮು ಇಡ್ಕತು. ಆಗ್ಲೂ ಕೇಳ್ದಿ. ಅದೇ ಮಾತು. ಆಮೇಲ ಕೇಳ್ನಿಲ್ಲ.”

ಅವರ ಮಾತಿನಲ್ಲಿ ದೂರು ಇರಲಿಲ್ಲ. ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿ ಮತ್ತೆ ಒಲೆ ಊದಿದರು.

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಬಿಸಿಲು ಏರಿತು. ಆಗ ಮನೆಯಲ್ಲಿ ಒಂದು ಬೆಳೆ ಹುಳ ಇತ್ತು. ಹುಳ ಮೇವು ಬಿಟ್ಟು ತಲೆಯೆತ್ತಿ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವುದಕ್ಕೆ ಮೊದಲು ನಾಲ್ಕು ಜ್ವರ ಕಳೆಯಬೇಕು. ನಮ್ಮವು ಮೂರನೆಯದನ್ನು ಕಳೆದಿದ್ದವು. ಒಂದು ಮಧ್ಯಾಹ್ನ ಸೊಪ್ಪು ಹಾಕಲು ಹೋದೆ. ಹುಳ ಮೇವಿನ ಕಡೆ ಮುಖವನ್ನೇ ಎತ್ತಲಿಲ್ಲ. ಮುಟ್ಟಿದರೆ ಮೆತ್ತಗೆ, ನೀರು ತುಂಬಿದ ಹಾಗೆ. ಸಂಜೆಯ ಹೊತ್ತಿಗೆ ನಡುಮನೆಯಲ್ಲೆಲ್ಲ ದುರ್ನಾತ. ಸಪ್ಪೆ ರೋಗ. ಮಾವ, ನನ್ನ ಗಂಡ ಇಬ್ಬರೂ ತಟ್ಟೆ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ತೋಟದ ಮೂಲೆಯ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಮನೆಯವರೆಲ್ಲ ಹಗಲೂ ರಾತ್ರಿ ಸೊಪ್ಪು ಕೊಯ್ದು, ಹೆಚ್ಚಿ, ಸಾಕಿದ ಬೆಳೆ. ಆ ದಿನ ಯಾರೂ ಊಟ ಮಾಡಲಿಲ್ಲ.

ಮಾರನೆಯ ದಿನ ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದು ಜಗಲಿ ಮೇಲೆ ಕೂತು, “ಒಸ ಸೊಸೆ ಕಾಲಿಟ್ಟ ವರ್ಸವೇ ಇಂಗಾಗಬಾರ್ದಿತ್ತು” ಎಂದಳು. ನಾನು ಒಳಗೆ ತಟ್ಟೆ ತೊಳೆಯುತ್ತಿದ್ದೆ.

ಅತ್ತೆ, “ಅವ್ಳು ಕಾಲಿಟ್ಟಿದ್ದು ಒಸ್ಲ ಮೇಲ, ಉಳದ ಮೇಲಲ್ಲ. ಎದ್ದೋಗು” ಎಂದರು.

ಆ ವಾರವೇ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಚಿಕ್ಕ ವಯಸ್ಸಿನವರು, ಮೊಪೆಡ್ಡಿನಲ್ಲಿ ಓಡಾಡುತ್ತಿದ್ದರು. ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿ, ಶೀಟಿಗೆ ಕೈ ಚಾಚಿ ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

“ಯಜಮಾನ್ರೆ, ಇಲ್ಲಿ ನಾವು ನಿಂತ್ಕೊಳಕ್ಕೇ ಆಗ್ತಿಲ್ಲ. ಹುಳ ಹೆಂಗೆ ತಡೀತವೆ? ಮೇಲೆ ಈ ಶೀಟು, ಪಕ್ಕದಲ್ಲಿ ಒಲೆ ಹೊಗೆ, ಗಾಳಿ ಆಡಕ್ಕೆ ಜಾಗ ಇಲ್ಲ.”

“ಯಾನ ಮಾಡ್ಬೇಕು ಯೋಳಿ ಸಾ” ಎಂದರು ಮಾವ.

ಅವರು ಹೇಳಿದರು. ಶೀಟಿನ ಮೇಲೆ ಏನಾದರೂ ದಪ್ಪಗೆ ಹೊದಿಸಿ. ಪಡುವಲ ಬಿಸಿಲು ಗೋಡೆಗೆ ಬಡಿಯದ ಹಾಗೆ ಗಿಡ ಬೆಳೆಸಿ. ಬಡಗಲಿಗೊಂದು, ದಕ್ಷಿಣಕ್ಕೊಂದು ಎದುರುಬದುರು ಕಿಟಕಿ ಇಡಿಸಿ, ಬೇಸಿಗೆಯಲ್ಲಿ ಅದಕ್ಕೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುತ್ತಿರಿ. ಹೊಗೆ ಮಾತ್ರ ಹುಳದ ಹತ್ತಿರ ಬರಬಾರದು.

“ದಕ್ಷಿಣಕ್ಕ ಇಡೋ ಪದ್ಧತಿ ಇಲ್ಲ ಸಾ.”

“ಗಾಳಿ ಬರೋದೇ ಆ ಕಡೆಯಿಂದ. ನಾನೇನು ಮಾಡ್ಲಿ?”

ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು. ಲೋಟವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಎರಡು ಮೂರು ದಿನ ಮಾವ ನಡುಮನೆಗೂ ಹಿತ್ತಲಿಗೂ ಓಡಾಡಿ ಆ ದಕ್ಷಿಣದ ಗೋಡೆಯನ್ನೇ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಗಾರೆ ಕೆಲಸದವರನ್ನು ಕರೆಸಿದರು. ಮೊದಲು ಬಡಗಲ ಗೋಡೆ. ಮಧ್ಯಾಹ್ನದ ಮೇಲೆ ನಡುಮನೆಯ ದಕ್ಷಿಣದ ಗೋಡೆಗೆ ಹಾರೆ ಬಿತ್ತು. ಹಳೆಯ ಮಣ್ಣು, ಗಟ್ಟಿಯಾಗಿತ್ತು. ಕೊನೆಗೆ ಒಂದು ಹೆಂಟೆ ಹಿತ್ತಲ ಕಡೆಗೆ ಉರುಳಿ ಬೆಳಕು ಒಳಗೆ ಬಂತು. ಅದರ ಹಿಂದೆಯೇ ಗಾಳಿ. ನನ್ನ ಗಂಡ ಆ ತೂತಿಗೆ ಮುಖ ಒಡ್ಡಿ ಜೋರಾಗಿ ನಕ್ಕರು.

ಅತ್ತೆ ಅಡುಗೆ ಮನೆಯಿಂದ ಬಂದು ಆ ತೂತನ್ನು ನೋಡುತ್ತ ನಿಂತರು. ಆ ಗೋಡೆ, ಅವರ ಅಡುಗೆ ಮನೆಯ ಗೋಡೆ ಎರಡೂ ಒಂದೇ ಸಾಲು. ನಾಲ್ಕು ಹೆಜ್ಜೆ ಆಚೆಗೆ ಅದೇ ಗೋಡೆ ಅವರ ಒಲೆಯ ಹಿಂದೆ ನಿಂತಿತ್ತು.

“ಉಳಕ್ಕ ಯಮ ಬರಕಿಲ್ವಾ?” ಎಂದರು.

ಮಾವ ತಿರುಗಿ ನೋಡಿದರು. “ಯಾನಂದೆ?”

“ಕೇಳ್ದಿ ಅಷ್ಟೆ. ನಂಗ ಬರೋ ಯಮ ಉಳಕ್ಕ ಬರಕಿಲ್ವಾ ಅಂತ.”

ಗಾರೆಯವರ ಎದುರಿಗೆ ಅತ್ತೆ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲಿರಬೇಕು. ಮಾವನ ಮುಖ ಕಪ್ಪಾಯಿತು. “ಅದು ಬೆಳೆ ಇಚಾರ. ನೀ ಒಳಕ್ಕೋಗು” ಎಂದರು.

ಅತ್ತೆ ಒಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆ ಮನೆಯಿಂದ ಗುದ್ದುವ ಸದ್ದು ಕೇಳಿತು. ನಾನು ಹೋಗಿ ನೋಡಿದರೆ ಒನಕೆಯಲ್ಲಿ ಒಲೆಯನ್ನು ಒಡೆಯುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ತಾವೇ ಕೆಮ್ಮಣ್ಣು ಬಳಿದು ರಂಗೋಲಿ ಇಡುತ್ತಿದ್ದ ಒಲೆ. “ಅತ್ತೆ, ಬ್ಯಾಡಿ” ಎಂದು ಕೈ ಹಿಡಿದೆ. “ಬುಡು” ಎಂದರು. ಒಡೆದು ಮುಗಿಸಿ, ಪಾತ್ರೆಗಳನ್ನೆಲ್ಲ ಮಂಕರಿಗೆ ತುಂಬಿ, ಹಿತ್ತಲಿನ ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿದರು. ಆ ಸಂಜೆಯ ಅಡುಗೆ ಅಲ್ಲೇ ಆಯಿತು.

ಬೇಸಿಗೆಯಲ್ಲಿ ಹಿತ್ತಲಲ್ಲಿ ಬೇಯಿಸುವುದು ಹೊಸದೇನಲ್ಲ. ಆದರೆ ಮನೆಯೊಳಗಿನ ಒಲೆ ಒಡೆದು ಹೊರಗೆ ಒಲೆ ಹೂಡಿದರೆ ನಮ್ಮಲ್ಲಿ ಮನೆ ಪಾಲಾಯಿತು ಎಂದೇ ಅರ್ಥ. ಎರಡು ದಿನದಲ್ಲಿ ಊರಿಗೆಲ್ಲ ಸುದ್ದಿ ಹೋಯಿತು. ಅರಳಿ ಕಟ್ಟೆಯ ಹತ್ತಿರ ಯಾರೋ ಮಾವನನ್ನು, “ಯಾನ ಗುರುಮಲ್ಲಪ್ಪ, ಮಗನ್ನ ಬೇರೆ ಆಕ್ಬುಟ್ಟಂತೆ?” ಎಂದು ಕೇಳಿದರಂತೆ. ಮನೆಗೆ ಬಂದು ಮಾವ ಊಟದ ತಟ್ಟೆ ತಳ್ಳಿದರು. ಅತ್ತೆ ತಟ್ಟೆ ಎತ್ತಿಕೊಂಡು ಹೋಗಿ ಹಸುವಿನ ಕಲಗಚ್ಚಿಗೆ ಹಾಕಿದರು.

ನನ್ನ ಗಂಡ ಇಬ್ಬರ ನಡುವೆ ಓಡಾಡಿ ಸೋತರು. “ಅವ್ವ, ಬೆಳೆ ಒಂದು ಮುಗೀಲಿ, ನಾನೇ ಕಿಟಕಿ ಇಡುಸ್ತೀನಿ” ಎಂದರೆ ಅತ್ತೆ, “ನೀ ಇಡ್ಸೋದು ಬ್ಯಾಡ ಕಣಪ್ಪ. ಬ್ಯಾಡ ಅಂದೋರು ಇಡಸ್ಲಿ” ಎನ್ನುತ್ತಿದ್ದರು.

ಇಷ್ಟರ ನಡುವೆ ಮನೆಯ ಕೆಲಸ ಮಾತ್ರ ನಿಲ್ಲಲಿಲ್ಲ. ಕುಂತೂರಿನ ಕಡೆಯ ಕಬ್ಬಿನ ಗದ್ದೆಗಳಿಂದ ಎರಡು ಗಾಡಿ ಒಣ ತರಗು ತಂದು ಶೀಟಿನ ಮೇಲೆ ದಪ್ಪಗೆ ಹರಡಿ, ಅಡ್ಡ ಗಳ ಕಟ್ಟಿದೆವು. ಪಡುವಲ ಗೋಡೆಯ ಉದ್ದಕ್ಕೂ ಹೊಂಗೆ, ನುಗ್ಗೆ ನೆಟ್ಟೆವು. ಅಲ್ಲಿಯವರೆಗೆ ಬೀದಿಗೆ ಹರಿದು ಕೆಸರಾಗುತ್ತಿದ್ದ ಬಚ್ಚಲ ನೀರಿಗೆ ನಾನು ಸನಿಕೆ ಹಿಡಿದು ಕಾಲುವೆ ತೆಗೆದು ಆ ಗಿಡಗಳ ಬುಡಕ್ಕೆ ತಿರುಗಿಸಿದೆ. ಕಾಲುವೆಯ ಬಾಯಲ್ಲಿ ಬಾಳೆ ಇಟ್ಟೆ. ಅಡುಗೆ ಹಿತ್ತಲಲ್ಲಿ ಆಗುತ್ತಿದ್ದುದರಿಂದ ಪಾತ್ರೆ ತೊಳೆದ ನೀರೂ ಅಲ್ಲಿಗೇ ಹೋಗುತ್ತಿತ್ತು. ಮಾವ ಅದನ್ನು ನೋಡಿ, “ಯಾರು ಮಾಡ್ದೋರು?” ಎಂದು ಕೇಳಿ, ನನ್ನ ಹೆಸರು ಕೇಳಿದ ಮೇಲೆ ಹೋಗಿ ಬಾಳೆಯ ಪಾತಿ ಸರಿಮಾಡಿದರು.

ಯುಗಾದಿ ಹೊತ್ತಿಗೆ ಹೊಸ ಮೊಟ್ಟೆ ತಂದು ಹುಳ ಮಾಡಿದೆವು. ಎರಡೂ ಕಿಟಕಿಗೆ ಗೋಣಿಚೀಲ ಕಟ್ಟಿ ನಾನು ಆಗಾಗ ನೀರು ಚಿಮುಕಿಸುತ್ತಿದ್ದೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಕಾಲಿಟ್ಟರೆ ಮಣ್ಣಿನ ಮಡಕೆಯ ಒಳಗೆ ಇಳಿದ ಹಾಗೆ. ಹುಳ ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಸದ್ದು ಹಾಗೆ ಕೇಳಿದರೆ ಹುಳ ಚೆನ್ನಾಗಿದೆ ಎಂದೇ ಲೆಕ್ಕ.

ಇನ್ಸ್‌ಪೆಕ್ಟರು ಮತ್ತೆ ಬಂದವರು ನೋಡಿ ಸಂತೋಷಪಟ್ಟರು. ಹಿತ್ತಲಿಗೆ ಬಂದು ಅತ್ತೆಯ ಮೂರು ಕಲ್ಲಿನ ಒಲೆ ನೋಡಿ, “ಒಲೆ ಹೊರಗಿಟ್ಟಿದ್ದು ಬಹಳ ಒಳ್ಳೇದಾಯ್ತು ಯಜಮಾನ್ರೆ. ಹೊಗೆ ಕಾಟವೇ ತಪ್ಪಿತು” ಎಂದರು. ಪಾಪ, ಅವರಿಗೆ ಮನೆಯ ಸಂಗತಿ ಗೊತ್ತಿರಲಿಲ್ಲ. ಮಾವ ಅತ್ತೆಯ ಕಡೆ ತಿರುಗಿ, “ಕೇಳಿಸ್ತಾ? ಈಚೇಲೇ ಇರ್ಲಿ ಅಂತ ಸರ್ಕಾರದೋರೇ ಯೋಳ್ತಾವ್ರೆ” ಎಂದುಬಿಟ್ಟರು. ಗೆದ್ದ ಧ್ವನಿ. ಅತ್ತೆ ಎಸರಿಗೆ ಹಿಟ್ಟು ಹಾಕುತ್ತಿದ್ದವರು ತಲೆಯೆತ್ತಲಿಲ್ಲ. ಅಂದಿನಿಂದ ಮಲಗುವುದನ್ನೂ ಅಲ್ಲೇ, ಹೊಂಗೆ ಮರದ ಕೆಳಗೇ ಇಟ್ಟುಕೊಂಡರು.

ಆ ದಿನಗಳಲ್ಲಿ ನನಗೆ ಒಂದು ವಿಚಿತ್ರ ಕಂಡಿತು. ಹೊರಗೆ ಬೇಯಿಸಲು ಶುರುಮಾಡಿದ ಮೇಲೆ ಅತ್ತೆಯ ಕಣ್ಣಿನ ಕೆಂಪು ಇಳಿಯುತ್ತ ಬಂತು. ಬೆಳಗಿನ ಜಾವದ ಕೆಮ್ಮೂ ಕಡಿಮೆಯಾಯಿತು. ನಾನು ಹೇಳಿದೆ. ಅವರು, “ಅದ್ಕೇ ಕಣಮ್ಮಿ ಒಳಕ್ಕ ಬರಾಕ ಬಯವಾಯ್ತದ” ಎಂದರು. ಅದುವರೆಗೆ ನಾನು ಅದನ್ನು ಬರೀ ಹಟವೆಂದುಕೊಂಡಿದ್ದೆ.

ಹುಳ ನಾಲ್ಕನೇ ಜ್ವರ ಕಳೆದು ದೊಡ್ಡ ಮೇವಿಗೆ ಬಿದ್ದವು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ತಂದರೂ ಸಾಲದು. ಒಂದು ಮಧ್ಯಾಹ್ನ ಮಾವ, ನನ್ನ ಗಂಡ ಇಬ್ಬರೂ ತೋಟದಲ್ಲಿದ್ದರು. ಬೆಟ್ಟದ ಮೇಲೆ ಮೋಡ ಕವಿದು, ಮಳೆಗೆ ಮೊದಲು ಬರುವಂಥ ಗಾಳಿ ಎದ್ದಿತು. ಅತ್ತೆ ಹುರುಳಿ ಬೇಯಲು ಇಟ್ಟು ನೀರಿಗೆಂದು ಎದ್ದಿದ್ದರು. ಗಾಳಿ ಒಲೆಯನ್ನು ಕೆದಕಿದಂತಾಗಿ ಕಿಡಿಗಳು ಮೇಲೆದ್ದವು. ನಾನು ನಡುಮನೆಯಲ್ಲಿದ್ದೆ. “ಅಮ್ಮೀ! ಬೆಂಕಿ!” ಎಂದು ಕೂಗಿದ್ದು ಕೇಳಿ ಹೊರಗೆ ಓಡಿ ಬಂದರೆ ಸೂರಿನ ಅಂಚಿನಲ್ಲಿ ತರಗು ಹೊತ್ತಿಕೊಂಡಿತ್ತು. ಒಣಗಿದ ತರಗು. ಗಾಳಿ ಅದನ್ನು ನಡುಮನೆಯ ಕಡೆಗೇ ತಳ್ಳುತ್ತಿತ್ತು. ಕೆಳಗೆ ಅಟ್ಟಣೆ ತುಂಬ ಹುಳ.

ನಾನು ನೀರು ಎಂದು ಕೊಡ ಹುಡುಕುವಷ್ಟರಲ್ಲಿ ಅತ್ತೆ ಏಣಿ ಎಳೆದು ಗೋಡೆಗೆ ಒರಗಿಸಿ ಹತ್ತಿಬಿಟ್ಟಿದ್ದರು. “ಕಿಟಕಿ ಗೋಣಿ ಕಿತ್ಕೊಡು!” ಎಂದು ಕೂಗಿದರು. ಒದ್ದೆ ಗೋಣಿಗಳನ್ನು ಕಿತ್ತು, ದನದ ತೊಟ್ಟಿಯಲ್ಲಿ ಅದ್ದಿ ಒಂದೊಂದಾಗಿ ಮೇಲಕ್ಕೆ ಎಸೆದೆ. ಅವರು ಅದನ್ನು ಉರಿಯ ಮೇಲೆ ಬಡಿದರು. ಉರಿಯುತ್ತಿದ್ದ ತರಗನ್ನು ಬರಿಗೈಯಲ್ಲಿ ಬಾಚಿ ಕೆಳಗೆ ಎಳೆದು ಹಾಕಿದರು. ಕೂಗು ಕೇಳಿ ದಾಯಾದಿಗಳು, ಬೀದಿಯವರು ಕೊಡ ಹಿಡಿದು ಬಂದರು. ನನ್ನ ಕಾಲ್ಗುಣ ಎಂದಿದ್ದ ಹೆಂಗಸೂ ಬಾವಿಯಿಂದ ನೀರು ಸೇದಿ ಸೇದಿ ಕೊಟ್ಟಳು. ಅತ್ತೆ ಕೆಳಗಿಳಿದಾಗ ಸೆರಗಿನ ಅಂಚು ಕರಕಲಾಗಿತ್ತು, ಎರಡೂ ಅಂಗೈ ಸುಟ್ಟು ಕೆಂಪಾಗಿತ್ತು. ಮೊದಲು ಕೇಳಿದ್ದು, “ಉಳ ಎಂಗವೆ ನೋಡು.”

ಹುಳಕ್ಕೆ ಏನೂ ಆಗಿರಲಿಲ್ಲ. ಒಂದು ಕಡೆ ಶೀಟು ಸೀಳಿತ್ತು ಅಷ್ಟೆ. ನಾನು ಕಿಟಕಿಗೆ ಮತ್ತೆ ಗೋಣಿ ಕಟ್ಟಿದೆ. ಆಮೇಲೆ ನಾಲ್ಕು ಹನಿ ಮಳೆಯೂ ಬಂತು.

ಮಾವ ಸೊಪ್ಪಿನ ಹೊರೆ ಹೊತ್ತು ಬಂದಾಗ ಜನ ಇನ್ನೂ ಹಿತ್ತಲಲ್ಲೇ ಇದ್ದರು. ಹೊರೆ ಕೆಳಗಿಳಿಸಿ ಸೂರು ನೋಡಿದರು. ಹೊಂಗೆ ಮರದ ಬುಡದಲ್ಲಿ ಕೂತಿದ್ದ ಅತ್ತೆಯ ಹತ್ತಿರ ಬಂದರು. ನಾನು ಕೈಗೆ ಲೋಳೆಸರ ಹಚ್ಚುತ್ತಿದ್ದೆ. ಮಾವ ಬೈಯುತ್ತಾರೆ ಎಂದುಕೊಂಡೆ. ಅತ್ತೆಯೂ ಹಾಗೆಂದುಕೊಂಡಿರಬೇಕು.

“ನನ್ನಿಂದ್ಲೇ ಆಯ್ತಿತ್ತು ಎಲ್ಲಾನೂ” ಎಂದರು ಅತ್ತೆ. ಅವರ ದನಿ ಬಿದ್ದುಹೋಗಿತ್ತು. “ಉಳವೆಲ್ಲ ಬೆಂದೋಗವು. ಒಲೆ ಒಳಕ್ಕೇ ತಗಂಡೋಯ್ತೀನಿ. ಇಷ್ಟು ದಿನ ಒಗೇಲಿ ಬೇಯಿಸ್ನಿಲ್ವಾ, ಇನ್ನೂ ಬೇಯಿಸ್ತೀನಿ.”

ಮಾವ ಅವರ ಅಂಗೈಗಳನ್ನು ನೋಡುತ್ತ ನಿಂತಿದ್ದರು. “ಒಗೇಲಿ ಬ್ಯಾಡ” ಎಂದರು. ಬಂದವರನ್ನೆಲ್ಲ ಮಾತಾಡಿಸಿ ಕಳಿಸಿದರು.

ಬೆಳಿಗ್ಗೆ ಅವರು ಪೂಜೆ ಮುಗಿಸಿ ಅಂಗಿ ಕಳಚಿ ಮೊಳೆಗೆ ಹಾಕಿ, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡರು. “ಗಾರೆಯವ್ರ ಕರೀಲಾ ಅಪ್ಪಾ?” ಎಂದು ನನ್ನ ಗಂಡ ಕೇಳಿದರೆ, “ಅವ್ರು ಬಡುದ್ರ ದೂಳೆಲ್ಲ ಉಳಕ್ಕ ಬೀಳ್ತದ. ನಾನು ವಸಿ ವಸಿಯಾಗಿ ಕೀಳ್ತೀನಿ” ಎಂದರು. ನಡುವಿನ ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿಸಿದರು. ಅಡುಗೆ ಮನೆಯ ದಕ್ಷಿಣದ ಗೋಡೆಗೆ ನೀರು ಬಳಿದು ನೆನೆಸಿ, ಒಡೆಯದೆ ಕೆರೆಯುವ ಹಾಗೆ ಮಣ್ಣು ತೆಗೆದರು. ದಿನವೆಲ್ಲ ಹಿಡಿಯಿತು. ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡು ಹಿತ್ತಲಲ್ಲಿ ನಿಂತು ಗೋಡೆಯನ್ನು ಆ ಕಡೆಯಿಂದ ನೋಡುತ್ತಿದ್ದರು. ಸಂಜೆಗೆ ಹಾರೆಯ ತುದಿ ಹೊರಗೆ ಬಂತು. ಆಮೇಲೆ ಮಾವನ ಕೈ, ಆಮೇಲೆ ಮಣ್ಣು ಮೆತ್ತಿದ ಮುಖ.

“ಇಷ್ಟಗಲ ಸಾಕಾ?” ಎಂದು ಕೇಳಿದರು.

ಅತ್ತೆ ನೋಡಿ, “ಇನ್ನು ವಸಿ ಮೇಲಕ್ಕ ಬೇಕಿತ್ತು” ಎಂದರು. ಮಾವ ಇನ್ನಷ್ಟು ಕೆರೆದರು.

ಕಿಟಕಿ ಒಂದೇ ಸಾಲದು ಎಂದು ನಾನು ಆಗ ಬಾಯಿಬಿಟ್ಟೆ. ನಮ್ಮ ತೌರಿನಲ್ಲಿ ಸೌದೆಗೆ ಕಾಡಿಗೆ ಹೋಗಬೇಕು, ಕಾಡಿನಲ್ಲಿ ಆನೆ. ಹಾಗಾಗಿ ಕಡಿಮೆ ಸೌದೆಯ ಹೊಸ ಒಲೆ ಬಂದಾಗ ಹೆಂಗಸರು ತಾವೇ ಮುಂದೆ ಬಿದ್ದು ಕಟ್ಟಿಸಿಕೊಂಡಿದ್ದರು. ಸುತ್ತ ಮುಚ್ಚಿದ ಮಣ್ಣಿನ ಒಲೆ. ಒಂದು ಬಾಯಲ್ಲಿ ಉರಿ ಹಾಕಿದರೆ ಎರಡು ಪಾತ್ರೆ ಬೇಯುತ್ತವೆ, ಹೊಗೆ ಕೊಳವೆಯಲ್ಲಿ ಮಾಡಿನ ಮೇಲಕ್ಕೆ ಹೋಗುತ್ತದೆ. ಅದನ್ನು ಕಟ್ಟಲು ಕಲಿತಿದ್ದ ಸಿದ್ದಮ್ಮ ನಮ್ಮ ತೌರಿನ ಬೀದಿಯವಳೇ. ಮಾವ ನನ್ನ ಗಂಡನನ್ನು ಹನೂರಿನ ಬಸ್ಸು ಹತ್ತಿಸಿದರು.

ಸಿದ್ದಮ್ಮ ಬಂದು ಇಟ್ಟಿಗೆ, ಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ ಒಲೆ ಕಟ್ಟಿದಳು. ಅತ್ತೆ ಪಕ್ಕದಲ್ಲೇ ಕೂತು ಪ್ರತಿಯೊಂದಕ್ಕೂ ತಕರಾರು ತೆಗೆದರು.

“ಉರಿನೇ ಕಾಣಾಕಿಲ್ಲ. ಬೇಯ್ತಾ ಅದೋ ಇಲ್ವೋ ಎಂಗ ಗೊತ್ತಾದದು?”

“ಮೂಗಿಗೆ ಗೊತ್ತಾಯ್ತದ ಬುಡವ್ವ” ಎಂದಳು ಸಿದ್ದಮ್ಮ.

“ಮುದ್ದೆ ತೊಳಸ್ವಾಗ ಒಲೆ ಅಲ್ಲಾಡಬಾರ್ದು. ನಮ್ಮಟ್ಟೀಲಿ ಮುದ್ದೆ ಗಟ್ಟಿ.”

“ಅಂಗಾರ ನಿನ್ನ ಮುದ್ದೆ ಪಾತ್ರೆಯೇ ಕೊಡು. ಅದನ್ನೇ ಕೂರ್ಸಿ ಬಾಯಿ ಕೊರೀತೀನಿ.”

ಒಲೆ ಒಣಗಿದ ಮೇಲೆ ಅತ್ತೆಯ ಕೈ ಇನ್ನೂ ಮಾಗಿರಲಿಲ್ಲವಾದ್ದರಿಂದ ಮೊದಲ ಮುದ್ದೆ ನಾನೇ ತೊಳಸಿದೆ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳೇ ಉರಿಗೆ ಸಾಕಾದವು. ಅಷ್ಟು ದಿನ ಅವನ್ನು ತಿಪ್ಪೆಗೆ ಎಸೆಯುತ್ತಿದ್ದೆವು. ಅತ್ತೆ ಹೊರಗೆ ಹೋಗಿ ಮಾಡಿನ ಮೇಲೆ ಕೊಳವೆಯಿಂದ ಹೊಗೆ ಏಳುವುದನ್ನು ನೋಡಿ ಬಂದರು. ಇನ್ನೊಮ್ಮೆ ಹೋಗಿ ನೋಡಿ ಬಂದರು.

ಅಷ್ಟರಲ್ಲಿ ಹುಳ ಹಣ್ಣಾಗಿ, ಮೈ ಹೊಳೆಯುತ್ತ, ಮೇವು ಬಿಟ್ಟು ತಲೆ ಎತ್ತಿ ತೂಗತೊಡಗಿದವು. ಆರಿಸಿ ಆರಿಸಿ, ಗೂಡು ಕಟ್ಟಲೆಂದು ಸುರುಳಿಯಾಗಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆಯ ತುಂಬ ಹಳದಿ ಗೂಡು ಕಟ್ಟಿದವು. ಆ ಬೇಸಿಗೆ ನಮ್ಮ ಬೀದಿಯಲ್ಲಿ ಬಹಳ ಮನೆಗಳಲ್ಲಿ ಹುಳ ಉಳಿಯಲಿಲ್ಲ. ನಮ್ಮ ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಯಿತು. ನನ್ನ ಗಂಡ ಬರುವಾಗ ಅತ್ತೆಗೆ ಒಂದು ಸೀರೆ ತಂದರು, ಸುಟ್ಟದ್ದರ ಬದಲಿಗೆ ಎಂದು.

ತರಗಿನ ಸಹವಾಸ ಸಾಕೆಂದು ಅದನ್ನು ಇಳಿಸಿ, ಹಿತ್ತಲಲ್ಲಿ ಬಿದ್ದಿದ್ದ ನಾಡಹೆಂಚನ್ನೇ ಮರದ ರೀಪರು ಹೊಡೆದು ಶೀಟಿನ ಮೇಲೆ ಹೊದಿಸಿದೆವು. ನಡುವೆ ಗಾಳಿ ನಿಂತು ನಡುಮನೆ ತರಗು ಹಾಕಿದ್ದಾಗಿನದಕ್ಕಿಂತಲೂ ತಂಪಾಯಿತು. ಊರಿನವರು ನೋಡಲು ಬರತೊಡಗಿದರು. ಮಾವ ಅವರನ್ನು ನಡುಮನೆಗೆ ಕರೆದು ಎರಡು ಕಿಟಕಿ ತೋರಿಸುತ್ತಿದ್ದರು. ಹೆಂಗಸರು ಮಾತ್ರ ನೇರ ಅಡುಗೆ ಮನೆಗೆ ಹೋಗುತ್ತಿದ್ದರು. ಆ ವರ್ಷ ಸಿದ್ದಮ್ಮ ನಮ್ಮ ಊರಿನಲ್ಲಿ ಬಹಳ ದಿನ ಉಳಿದಳು.

ಮುಂಗಾರು ಹಿಡಿದುಕೊಂಡ ಮೇಲಿನ ಒಂದು ಸಂಜೆ. ನಾನು ನಡುಮನೆಯಲ್ಲಿ ಖಾಲಿ ತಟ್ಟೆಗಳಿಗೆ ಸಗಣಿ ಸಾರಿಸುತ್ತಿದ್ದೆ. ಮಾವ ಹೊಲದಿಂದ ಬಂದು ಕೈಕಾಲು ತೊಳೆದು, ಮಣೆ ಎತ್ತಿಕೊಂಡು ಅಡುಗೆ ಮನೆಯೊಳಗೆ ಹೋದರು. ನಾನು ಬಂದಾಗಿನಿಂದ ಅವರು ಆ ಬಾಗಿಲು ದಾಟಿದ್ದನ್ನು ನೋಡಿರಲಿಲ್ಲ, ಆ ಗೋಡೆ ಕೆರೆದ ದಿನ ಬಿಟ್ಟು. ಊಟ ನಡುಮನೆಯ ಬಾಗಿಲಿಗೇ ಬರುತ್ತಿತ್ತು. ಆ ಹೊಗೆಯಲ್ಲಿ ಕೂರುವ ಗರಜು ಯಾರಿಗಿತ್ತು?

ಒಳಗೆ ಮಣೆ ಹಾಕಿದ ಸದ್ದು. ಆಮೇಲೆ ಮಾವ ಏನೋ ಕೇಳಿದರು, ಅತ್ತೆ ಏನೋ ಹೇಳಿದರು. ಕೆಂದ ಹಸು ಗಬ್ಬ ನಿಂತಿತೋ ಇಲ್ಲವೋ, ಮೇಲಿನ ಹೊಲಕ್ಕೆ ಜೋಳವೋ ರಾಗಿಯೋ, ಇಂಥವು. ಅವರಿಬ್ಬರೂ ಕೂತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಕೇಳಿದ್ದೆಲ್ಲ ಒಂದು ಕರೆ, ಒಂದು ಉತ್ತರ ಅಷ್ಟೆ. ನಾನು ಕೈ ಸದ್ದಾಗದ ಹಾಗೆ ಸಾರಿಸಿದೆ.

“ಇಲ್ಲಿಂದ ಬಿಳಿಗಿರಿರಂಗನ ಬೆಟ್ಟ ಕಾಣ್ತದಲ್ಲ” ಎಂದರು ಮಾವ.

“ಕಾಣ್ದೆ ಯಾನ. ಬೆಳಗ್ಗ ಒತ್ತು ಇನ್ನೂ ಸಂದಾಗಿ ಕಾಣ್ತದ. ಮೋಡ ಅರ್ದಕ್ಕ ಇಳ್ದಿರ್ತದ.”

“ಅಂಗಾ?”

“ಬೆಳಗ್ಗ ಬಂದು ನೋಡಿ, ಗೊತ್ತಾಯ್ತದ.”

ಬೆಳಿಗ್ಗೆ ಮಾವ ಎಂದಿನಂತೆ ವಿಭೂತಿ ಹಚ್ಚಿ, ಟವೆಲು ಹೆಗಲಿಗೆ ಹಾಕಿ ಹೊಲಕ್ಕೆ ಹೊರಟರು. ನಾನು ಅಂಗಳ ಗುಡಿಸುತ್ತಿದ್ದೆ. ಬೀದಿಗೆ ಇಳಿದವರು ನಿಂತರು. ತಿರುಗಿ ಬಂದು ಜಗಲಿಯ ಹತ್ತಿರ ಮೆಟ್ಟು ಬಿಟ್ಟು, ನನ್ನನ್ನು ದಾಟಿಕೊಂಡು ಅಡುಗೆ ಮನೆಗೆ ಹೋದರು.